ಹಂಗುಲ್ ಲಿಪಿಯ ಕರ್ತೃ ಸೆಜೊಂಗ್ ಮಹಾರಾಜ

ಪರಭಾಷೆಯೊಂದನ್ನು ಮನೆಯಲ್ಲಿಯೇ ಕುಳಿತು ಕಲಿಯಹೊರಟ ವಿದ್ಯಾರ್ಥಿಯು ಮೊದಲು ಹುಡುಕುವುದು ಎರಡು ವಸ್ತುಗಳನ್ನು. ಒಂದು, ಎಡಪುಟದಲ್ಲಿ ಆ ಭಾಷೆಯೂ ಬಲಪುಟದಲ್ಲಿ ತಾನು ಬಲ್ಲ ಭಾಷೆಯೂ ಇರುವ ದ್ವಿಭಾಷಾ ಪುಸ್ತಕ. ಇನ್ನೊಂದು, ಅದೇ ಪುಸ್ತಕವನ್ನು ಆ ನಾಡಿನವರೊಬ್ಬರು ಓದಿ ಹೇಳುವ ಧ್ವನಿ. ಈಚೆಗೆ ಕೊರಿಯನ್ ಭಾಷೆಯನ್ನು ಕಲಿಯಬೇಕೆಂಬ ಹಂಬಲ ನಮ್ಮ ತರುಣ ತರುಣಿಯರಲ್ಲಿ ಹೆಚ್ಚಿದೆ. ಆ ನಾಡಿನ ಹಾಡುಗಳನ್ನು ಕೇಳಿ, ಧಾರಾವಾಹಿಗಳನ್ನು ನೋಡಿ ಮನಸೋತವರು ನಮ್ಮ ತರಗತಿಯಲ್ಲಿಯೇ ಇದ್ದಾರೆ. ಎರಡು ಭಾಷೆಯ ಪುಸ್ತಕ ಎಲ್ಲಿ ಸಿಕ್ಕೀತು, ಧ್ವನಿಪುಸ್ತಕ ಎಲ್ಲಿ ಸಿಕ್ಕೀತು ಎಂಬುದೇ ಅವರ ವಿಚಾರಣೆ. ಇದನ್ನು ಹುಡುಕುತ್ತ ಹೋದರೆ ದಾರಿಯು ನಮ್ಮನ್ನು ೧೫ನೆಯ ಶತಮಾನದ ಒಬ್ಬ ಅರಸನ ಬಳಿಗೆ ಕರೆದೊಯ್ಯುತ್ತದೆ. ಹಂಗುಲ್ ಲಿಪಿಯಲ್ಲಿ ಅಚ್ಚಾದ ಮೊದಲ ಪುಸ್ತಕಗಳಲ್ಲಿಯೇ ಎರಡು ಭಾಷೆಗಳು ಜೊತೆಜೊತೆಯಾಗಿ ನಿಂತಿವೆ. ಅವುಗಳನ್ನು ಮಾಡಿಸಿದವನೂ, ಬಾಯಿಯ ಧ್ವನಿಯನ್ನು ಕಾಗದದ ಮೇಲೆ ಇಳಿಸಲು ಆ ಲಿಪಿಯನ್ನೇ ಕಲ್ಪಿಸಿದವನೂ ಸೆಜೊಂಗ್ ಮಹಾರಾಜ. ಆತನ ಜೀವನವೇ ಈ ಲೇಖನದ ವಸ್ತು.

ಕೊರಿಯಾದಲ್ಲಿ ಜೋಸನ್ ರಾಜವಂಶವು ಸ್ಥಾಪಿತವಾದುದು ೧೩೯೨ರಲ್ಲಿ. ಸ್ಥಾಪಿಸಿದವನು ಯಿ ಸೊಂಗ್ಗೆ ಎಂಬ ಸೇನಾನಿ. ಅವನ ಮಗ ತೇಜೊಂಗನು ಸಿಂಹಾಸನಕ್ಕಾಗಿ ಒಡಹುಟ್ಟಿದವರ ರಕ್ತವನ್ನೇ ಚೆಲ್ಲಿ ಪಟ್ಟಕ್ಕೆ ಬಂದ ಕಠಿಣ ಮನುಷ್ಯ. ಈ ತೇಜೊಂಗನ ಮೂರನೆಯ ಮಗನಾಗಿ ೧೩೯೭ರಲ್ಲಿ ನಮ್ಮ ಕಥಾನಾಯಕನು ಜನಿಸಿದನು. ಹುಟ್ಟುಹೆಸರು ಯಿ ದೋ. ಸೆಜೊಂಗ್ ಎಂಬುದು ಮರಣಾನಂತರ ಪೂರ್ವಿಕರ ಗುಡಿಯಲ್ಲಿ ಪೂಜೆಗಾಗಿ ಇಟ್ಟ ಹೆಸರು.

ಹಿರಿಯಣ್ಣನಾದ ಯಾಂಗ್ನ್ಯಂಗನಿಗೆ ಬೇಟೆ, ವಿನೋದ, ಹೆಣ್ಣುಗಳ ಸಹವಾಸ ಪ್ರಿಯ. ಎರಡನೆಯವನಾದ ಹ್ಯೋರ್ಯಂಗನಿಗೆ ಬುದ್ಧನ ಧರ್ಮದಲ್ಲಿ ಒಲವು. ಮೂರನೆಯವನಿಗೆ ಪುಸ್ತಕವೇ ಪ್ರಾಣ. ಈ ಹುಡುಗನ ಓದಿನ ಬಗ್ಗೆ ಒಂದು ಕಥೆಯನ್ನು ಕೊರಿಯಾದವರು ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ಕಾಯಿಲೆ ಬಿದ್ದಾಗಲೂ ಓದು ಬಿಡದ ಮಗನನ್ನು ಕಂಡು ತಂದೆಯು ಕೋಣೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಹೊರಗೆ ಸಾಗಿಸಿಬಿಟ್ಟನಂತೆ. ಆದರೆ ತೆರೆಯ ಹಿಂದೆ ಒಂದೇ ಒಂದು ಪುಸ್ತಕ ಉಳಿದುಹೋಯಿತು. ಅದು ಚೀನದ ಇಬ್ಬರು ಸಾಹಿತಿಗಳ ಪತ್ರಸಂಗ್ರಹ. ಬೇರೆ ಗತಿಯಿಲ್ಲದೆ ಹುಡುಗನು ಅದನ್ನೇ ನೂರಾರು ಸಲ ಓದಿದನಂತೆ. ಭಾಷೆ ಕಲಿಯುವವರಿಗೆ ಈ ಕಥೆ ಹಿಡಿಸೀತು. ಹತ್ತು ಪುಸ್ತಕಗಳನ್ನು ಒಂದೊಂದು ಸಲ ಓದುವುದಕ್ಕಿಂತ ಒಂದನ್ನು ಹತ್ತು ಸಲ ಓದಿದವನಿಗೆ ಭಾಷೆ ಬೇಗ ಒಲಿಯುತ್ತದೆಂಬುದು ಅವರಿಗೆ ಅನುಭವದ ಮಾತು.

೧೪೧೮ರಲ್ಲಿ ತೇಜೊಂಗನು ಹಿರಿಯ ಮಗನನ್ನು ಯುವರಾಜಪದವಿಯಿಂದ ಇಳಿಸಿ ಮೂರನೆಯವನನ್ನು ಆರಿಸಿದನು. ಎರಡು ತಿಂಗಳಲ್ಲಿ ತಾನೇ ಸಿಂಹಾಸನವನ್ನು ಬಿಟ್ಟುಕೊಟ್ಟು ೨೧ ವರ್ಷದ ಮಗನಿಗೆ ಪಟ್ಟಗಟ್ಟಿದನು. ಬಿಟ್ಟುಕೊಟ್ಟನೆಂದರೂ ಸೈನ್ಯದ ಅಧಿಕಾರವನ್ನು ತನ್ನ ಮುಷ್ಟಿಯಲ್ಲಿಯೇ ಇಟ್ಟುಕೊಂಡಿದ್ದನು. ರಾಣಿಯ ತವರಿನವರು ಮುಂದೆ ಬಲಿತಾರೆಂಬ ಶಂಕೆಯಿಂದ ಅದೇ ವರ್ಷ ಅವಳ ತಂದೆ ಶಿಮ್ ಓನ್ ಎಂಬ ಮಂತ್ರಿಯನ್ನು ರಾಜದ್ರೋಹದ ಆರೋಪದ ಮೇಲೆ ಕೊಲ್ಲಿಸಿದನು. ಹೊಸ ರಾಜನು ಮಾವನನ್ನು ಉಳಿಸಿಕೊಳ್ಳಲಾರದೆ ಹೋದನು. ರಾಣಿಯನ್ನೂ ಪದಚ್ಯುತಗೊಳಿಸಬೇಕೆಂದು ಮಂತ್ರಿಗಳು ಒತ್ತಾಯಿಸಿದರು. ಅದು ಮಾತ್ರ ಆಗಲಿಲ್ಲ. ಸೊಹೊನ್ ಎಂಬ ಆ ರಾಣಿಯು ಕೊನೆಯವರೆಗೂ ಗಂಡನ ಪಕ್ಕದಲ್ಲಿದ್ದಳು. ಪುಸ್ತಕಗಳ ನಡುವೆ ಬೆಳೆದ ಸೌಮ್ಯ ಸ್ವಭಾವದ ಯುವಕನಿಗೆ ರಾಜ್ಯಭಾರದ ಮೊದಲ ಪಾಠ ಹೀಗೆ ದೊರೆಯಿತು. ೧೪೨೨ರಲ್ಲಿ ತಂದೆ ತೀರಿಕೊಂಡ ಮೇಲೆಯೇ ಆತನು ನಿಜವಾಗಿ ಅರಸನಾದುದು.

೧೪೨೦ರಲ್ಲಿ ಸೆಜೊಂಗನು ಅರಮನೆಯ ಆವರಣದಲ್ಲಿ ಜಿಪ್ಹ್ಯೊನ್‌ಜೊನ್ ಎಂಬ ಪಂಡಿತಸಭೆಯನ್ನು ಹೊಸದಾಗಿ ವ್ಯವಸ್ಥೆಗೊಳಿಸಿದನು. ಎಳೆಯ ವಿದ್ವಾಂಸರನ್ನು ಆರಿಸಿ ಅಲ್ಲಿ ಕೂಡಿಸಿದನು. ಅವರಲ್ಲಿ ಕೆಲವರಿಗೆ ಸಂಬಳಸಹಿತ ರಜೆಯನ್ನು ಕೊಟ್ಟು, ಮನೆಯಲ್ಲಿ ಕುಳಿತು ಓದುವುದೇ ನಿಮ್ಮ ಕೆಲಸವೆಂದು ವಿಧಿಸಿದನು. ಪರೀಕ್ಷೆಗೆ ಮುಂಚೆ ಒಂದು ವಾರದ ಬಿಡುವಿಗೂ ಬಾಯಿಬಿಡುವ ನಮ್ಮಂಥವರಿಗೆ ಇದು ಸ್ವರ್ಗಸುಖವೆಂದು ತೋರದಿರದು!

ಇಲ್ಲಿ ಆ ಕಾಲದ ಕೊರಿಯಾದಲ್ಲಿ ಓದು ಬರಹ ಎಂದರೆ ಏನೆಂಬುದನ್ನು ತಿಳಿಯಬೇಕು. ಅವರು ಮಾತನಾಡುತ್ತಿದ್ದುದು ಕೊರಿಯನ್ ಭಾಷೆ, ಬರೆಯುತ್ತಿದ್ದುದು ಚೀನೀ. ಈ ಎರಡಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಚೀನೀ ಭಾಷೆಯಲ್ಲಿ ಕ್ರಿಯಾಪದವು ಕರ್ಮಕ್ಕೆ ಮುಂಚೆ ಬರುತ್ತದೆ, ವಿಭಕ್ತಿ ಪ್ರತ್ಯಯಗಳಿಲ್ಲ. ಕೊರಿಯನ್ ಭಾಷೆಯ ರಚನೆಯಾದರೋ ನಮ್ಮ ಕನ್ನಡವನ್ನು ಹೋಲುತ್ತದೆ. ನಾನು ಅನ್ನವನ್ನು ತಿನ್ನುತ್ತೇನೆ ಎಂದು ನಾವು ಹೇಳುವ ಕ್ರಮದಲ್ಲಿಯೇ ಅವರೂ ಹೇಳುತ್ತಾರೆ. ಕ್ರಿಯಾಪದವು ವಾಕ್ಯದ ಕೊನೆಗೆ. ಪ್ರತ್ಯಯವು ನಾಮಪದದ ಬೆನ್ನಿಗೆ. ಹಿರಿಯರೊಡನೆ ಆಡುವಾಗ ಕ್ರಿಯಾಪದದಲ್ಲಿಯೇ ಗೌರವಸೂಚನೆ. ಇಂಥ ಭಾಷೆಯನ್ನಾಡುವ ಜನರು ಓದಬೇಕಾದರೆ ಸಾವಿರಾರು ಚೀನೀ ಚಿತ್ರಾಕ್ಷರಗಳನ್ನೂ ಪರಭಾಷೆಯ ವ್ಯಾಕರಣವನ್ನೂ ವರ್ಷಗಟ್ಟಲೆ ಕಲಿಯಬೇಕಾಗಿತ್ತು. ಅದಕ್ಕೆ ಪುರಸೊತ್ತು ಇದ್ದುದು ಕುಲೀನರ ಗಂಡುಮಕ್ಕಳಿಗೆ ಮಾತ್ರ. ಕಚೇರಿಯ ಗುಮಾಸ್ತರು ಚೀನೀ ಅಕ್ಷರಗಳನ್ನೇ ತಿರುಚಿ ಕೊರಿಯನ್ ಪ್ರತ್ಯಯಗಳನ್ನು ಬರೆಯುವ ಇದು ಎಂಬ ಒಂದು ಬಗೆಯ ಬರಹವನ್ನು ಬಳಸುತ್ತಿದ್ದರು. ಅದೂ ಜನಸಾಮಾನ್ಯರಿಗೆ ಎಟುಕುವಂಥದಲ್ಲ. ಹೊಲದಲ್ಲಿ ದುಡಿಯುವವನ ಮೇಲೆ ಖಟ್ಲೆ ಬಂದರೆ ಅವನ ಹೇಳಿಕೆಯನ್ನು ಗುಮಾಸ್ತನು ಬರೆದುಕೊಳ್ಳುತ್ತಿದ್ದನು. ಏನು ಬರೆದಿದ್ದಾನೆಂದು ತಿಳಿಯದೆಯೇ ಅವನು ಒಪ್ಪಬೇಕು, ಶಿಕ್ಷೆಯನ್ನೂ ಅನುಭವಿಸಬೇಕು. ಹೆಬ್ಬೆಟ್ಟು ಒತ್ತುವವರ ಮನೆಯಿಂದ ಕಾಲೇಜಿಗೆ ಬಂದ ನನ್ನಂಥವರಿಗೆ ಇದನ್ನು ಬಹಳವಾಗಿ ವಿವರಿಸಬೇಕಾದುದಿಲ್ಲ.

ಸೆಜೊಂಗನನ್ನು ಈ ವಿಚಾರ ಬಹುಕಾಲ ಬಾಧಿಸಿತು. ೧೪೨೮ರಲ್ಲಿ ಜಿಂಜು ಎಂಬ ಪ್ರಾಂತದಲ್ಲಿ ಒಬ್ಬನು ತನ್ನ ತಂದೆಯನ್ನೇ ಕೊಂದ ಸುದ್ದಿ ಬಂದಿತು. ರಾಜನು ತಲ್ಲಣಿಸಿಹೋದನು. ಕಠಿಣ ಶಿಕ್ಷೆ ಒಂದೇ ಸಾಲದು, ಜನರಿಗೆ ನೀತಿ ತಿಳಿಯುವಂತಾಗಬೇಕೆಂದು ಪಿತೃಭಕ್ತರ, ರಾಜನಿಷ್ಠರ, ಪತಿವ್ರತೆಯರ ಕಥೆಗಳ ಒಂದು ಗ್ರಂಥವನ್ನು ಮಾಡಿಸಿ ೧೪೩೪ರಲ್ಲಿ ಹಂಚಿಸಿದನು. ಪ್ರತಿಯೊಂದು ಕಥೆಗೂ ಒಂದು ಚಿತ್ರ. ಓದಲು ಬಾರದವರು ಚಿತ್ರವನ್ನು ನೋಡಲಿ, ಓದುಬಲ್ಲವರು ಪಕ್ಕದಲ್ಲಿ ಕುಳಿತು ಅದರ ಅರ್ಥವನ್ನು ಬಾಯಿಮಾತಿನಲ್ಲಿ ಹೇಳಲಿ ಎಂಬುದು ಯೋಜನೆ. ಕಣ್ಣಿಗೆ ಚಿತ್ರ, ಕಿವಿಗೆ ಧ್ವನಿ! ಆದರೆ ಹೇಳುವವನು ಎದ್ದುಹೋದ ಮೇಲೆ ಪುಸ್ತಕ ಮೂಕವಾಗುತ್ತಿತ್ತು. ಅದೇ ವರ್ಷ ಸೋಲ್ ನಗರದ ಬೀದಿಯಲ್ಲಿ, ಸೇತುವೆಯೊಂದರ ಬಳಿ ಬಟ್ಟಲಿನ ಆಕಾರದ ನೆರಳುಗಡಿಯಾರವನ್ನು ಇಡಿಸಿದನು. ಓದಲು ಬಾರದವರಿಗೆಂದು ಅದರಲ್ಲಿ ಹೊತ್ತುಗಳ ಗುರುತಿಗೆ ಇಲಿ, ಎತ್ತು, ಹುಲಿ ಮೊದಲಾದ ಪ್ರಾಣಿಗಳ ಚಿತ್ರಗಳನ್ನು ಕೊರೆಸಿದ್ದನು.

ಆತನ ಇತರ ಕಾರ್ಯಗಳನ್ನು ಇಲ್ಲಿ ವಿಸ್ತರಿಸಲು ಎಡೆಯಿಲ್ಲ. ೧೪೨೯ರಲ್ಲಿ ಬೇಸಾಯದ ಕೈಪಿಡಿಯೊಂದನ್ನು ಬರೆಯಿಸಿದನು. ಅದಕ್ಕೆ ಚೀನೀ ಗ್ರಂಥಗಳನ್ನು ನಂಬದೆ ಪ್ರಾಂತಪ್ರಾಂತದ ಮುದುಕ ರೈತರನ್ನೇ ಕೇಳಿ ಬರೆಯಿರೆಂದು ಆಜ್ಞಾಪಿಸಿದನು. ಸರ್ಕಾರಿ ದಾಸಿಯರಿಗೆ ಹೆರಿಗೆಯ ನಂತರ ೧೦೦ ದಿನ, ಆಮೇಲೆ ಹೆರಿಗೆಗೆ ಮುಂಚೆ ೩೦ ದಿನ, ೧೪೩೪ರಲ್ಲಿ ಅವರ ಗಂಡಂದಿರಿಗೂ ೩೦ ದಿನ ರಜೆಯನ್ನು ಕೊಡಿಸಿದನು. ೧೪೩೦ರಲ್ಲಿ ಭೂಕಂದಾಯದ ಹೊಸ ಪದ್ಧತಿಯ ವಿಷಯದಲ್ಲಿ ಅಧಿಕಾರಿಗಳಿಂದ ಹಿಡಿದು ರೈತರವರೆಗೆ ಸುಮಾರು ೧,೭೦,೦೦೦ ಜನರ ಅಭಿಪ್ರಾಯವನ್ನು ಕೇಳಿಸಿದನು. ದಾಸ್ಯದಲ್ಲಿ ಹುಟ್ಟಿದ ಜಾಂಗ್ ಯೊಂಗ್‌ಶಿಲ್ ಎಂಬ ಕುಶಲಿಯನ್ನು ಮೇಲೆತ್ತಿ ಅವನಿಂದ ತಾನಾಗಿ ಹೊತ್ತು ಸಾರುವ ಜಲಗಡಿಯಾರವನ್ನು ಮಾಡಿಸಿದನು. ಅದೇ ಜಾಂಗನ ಮೇಲ್ವಿಚಾರಣೆಯಲ್ಲಿ ಮಾಡಿದ ರಾಜನ ಪಲ್ಲಕ್ಕಿ ಮುರಿದಾಗ, ೧೪೪೨ರಲ್ಲಿ, ಅವನಿಗೆ ಛಡಿ ಏಟಿನ ಶಿಕ್ಷೆಯಾಗಿ ಕೆಲಸವೂ ಹೋಯಿತು. ಇದು ನನಗೆ ಅರ್ಥವಾಗದ ಸಂಗತಿ. ಅಷ್ಟು ಕರುಣಾಳುವಾದವನು ಏಟುಗಳ ಸಂಖ್ಯೆಯನ್ನು ತಗ್ಗಿಸಿದನೇ ಹೊರತು ಕ್ಷಮಿಸಲಿಲ್ಲ.

ಕಾನೂನನ್ನು ಜನರಿಗೆ ತಿಳಿಯುವ ಬರಹದಲ್ಲಿ ಪ್ರಕಟಿಸಬೇಕೆಂದು ೧೪೩೨ರಲ್ಲಿ ರಾಜನು ಪ್ರಸ್ತಾಪಿಸಿದನು. ಹೊ ಜೊ ಎಂಬ ಮಂತ್ರಿಯು ಒಪ್ಪಲಿಲ್ಲ. ಕಾನೂನು ತಿಳಿದರೆ ಜನರು ಭಯ ಬಿಟ್ಟು ಕಾನೂನಿನೊಡನೆ ಆಟವಾಡಿಯಾರೆಂಬುದು ಅವನ ವಾದ. ತಿಳಿಯದವನನ್ನು ತಪ್ಪು ಮಾಡಿದನೆಂದು ದಂಡಿಸುವುದು ಅವನನ್ನು ಬಲೆಗೆ ಕೆಡವಿದಂತೆ ಎಂಬುದು ರಾಜನ ವಾದ. ಇದು ನಡೆದ ಮೇಲೆ ಹನ್ನೊಂದು ವರ್ಷ ರಾಜನು ಲಿಪಿಯ ಮಾತನ್ನು ಬಹಿರಂಗವಾಗಿ ಎತ್ತಿದಂತೆ ಕಾಣುವುದಿಲ್ಲ.

ಈ ನಡುವೆ ಆತನ ಶರೀರ ಜೀರ್ಣವಾಗುತ್ತ ಬಂದಿತು. ಮಾಂಸಾಹಾರದಲ್ಲಿ ಬಹಳ ಪ್ರೀತಿ, ವ್ಯಾಯಾಮ ಕಡಿಮೆ, ರಾತ್ರಿಯೆಲ್ಲ ಓದು. ಎಷ್ಟು ಕುಡಿದರೂ ತೀರದ ದಾಹದ ರೋಗ ಹತ್ತಿತು. ಮಧುಮೇಹವಿದ್ದೀತೆಂದು ಈಗಿನವರು ಹೇಳುತ್ತಾರೆ. ಕಣ್ಣುಗಳು ಮಂಜಾದುವು. ಮಬ್ಬುಗತ್ತಲಿನಲ್ಲಿ ಕೋಲಿಲ್ಲದೆ ನಡೆಯಲಾರದಂತಾದನು. ರಾಜ್ಯದ ದಿನವಹಿ ಕೆಲಸದ ಬಹುಭಾಗವನ್ನು ಯುವರಾಜನಿಗೆ ಒಪ್ಪಿಸಿದನು. ಇಂಥ ಮನುಷ್ಯನು, ಓದುವ ಕಣ್ಣನ್ನು ತಾನು ಕಳೆದುಕೊಳ್ಳುತ್ತಿರುವಾಗ, ಓದಲಾರದವರಿಗಾಗಿ ಅಕ್ಷರಗಳನ್ನು ಕಲ್ಪಿಸುತ್ತಿದ್ದನು. ಚಾಂದ್ರಮಾನದ ೧೪೪೩ನೆಯ ವರ್ಷದ ಕೊನೆಯ ತಿಂಗಳಿನಲ್ಲಿ ರಾಜನು ತಾನೇ ೨೮ ಅಕ್ಷರಗಳನ್ನು ರಚಿಸಿದನೆಂಬ ಸಂಗತಿ ಅರಮನೆಯ ದಿನಚರಿಯಲ್ಲಿ ಥಟ್ಟನೆ ಕಾಣಿಸಿಕೊಳ್ಳುತ್ತದೆ.

ಈ ಲಿಪಿಯ ಸ್ವಾರಸ್ಯವನ್ನು ಕನ್ನಡಿಗನು ಬೇಗ ಗ್ರಹಿಸಬಲ್ಲನು. ಹದಿನೇಳು ವ್ಯಂಜನ, ಹನ್ನೊಂದು ಸ್ವರ. ವ್ಯಂಜನದ ಆಕಾರವು ಅದನ್ನು ನುಡಿಯುವಾಗ ಬಾಯಿಯ ಅಂಗ ಇರುವ ಭಂಗಿಯ ಚಿತ್ರ. ನಕಾರವನ್ನು ನುಡಿಯುವಾಗ ನಾಲಿಗೆಯ ತುದಿ ಮೇಲೇಳುತ್ತದಷ್ಟೆ; ಆ ಅಕ್ಷರವು ಬಡಗಿಯ ಮೂಲೆಮಟ್ಟದಂತೆ ತುದಿಯೆತ್ತಿ ಕೂತಿದೆ. ಕಕಾರದಲ್ಲಿ ನಾಲಿಗೆಯ ಬುಡ ಗಂಟಲನ್ನು ಮುಚ್ಚುತ್ತದೆ. ಅದೇ ಮೂಲೆಮಟ್ಟವು ಬೋರಲಾಗಿದೆ. ಮಕಾರವು ಮುಚ್ಚಿದ ಬಾಯಿಯ ಚೌಕ. ಸಕಾರವು ಹಲ್ಲು. ಗಂಟಲಿಗೆ ಒಂದು ಸೊನ್ನೆ. ಕಕಾರಕ್ಕೆ ಒಂದು ಗೆರೆ ಹೆಚ್ಚು ಹಾಕಿದರೆ ಉಸಿರು ಹೆಚ್ಚಿದ ಖಕಾರವಾಗುತ್ತದೆ. ನಮ್ಮಲ್ಲಿ ದಕಾರಕ್ಕೆ ಕೆಳಗೆ ಸೀಳು ಕೊಟ್ಟರೆ ಧಕಾರವಾಗುವುದನ್ನು ಇದಕ್ಕೆ ಹೋಲಿಸಬಹುದು. ಸ್ವರಗಳು ಮೂರು ಗುರುತುಗಳಿಂದ ಆದವು: ಆಕಾಶಕ್ಕೆ ಒಂದು ಚುಕ್ಕೆ, ಭೂಮಿಗೆ ಮಲಗಿದ ಗೆರೆ, ಮನುಷ್ಯನಿಗೆ ನಿಂತ ಗೆರೆ. ವ್ಯಂಜನಸ್ವರಗಳನ್ನು ಒಂದು ಚೌಕದೊಳಗೆ ಕೂಡಿಸಿ ಬರೆಯುವುದು ನಮ್ಮ ಗುಣಿತಾಕ್ಷರಗಳ ನೆನಪನ್ನು ತರುತ್ತದೆ. ಧ್ವನಿಗಳನ್ನು ಹುಟ್ಟುವ ಸ್ಥಾನದ ಮೇಲೆ ವಿಂಗಡಿಸುವ ಶಾಸ್ತ್ರವು ಬೌದ್ಧ ಭಿಕ್ಷುಗಳ ಜೊತೆಗೆ ಭಾರತದಿಂದ ಚೀನಕ್ಕೆ ಹೋಗಿ, ಅಲ್ಲಿನ ಪ್ರಾಸಶಾಸ್ತ್ರದೊಡನೆ ಬೆರೆತು, ಸೆಜೊಂಗನ ಕೈಗೆ ಬಂದಿತ್ತು. ಅದನ್ನು ಅಕ್ಷರದ ಆಕಾರದಲ್ಲಿಯೇ ಕಾಣಿಸಿದುದು ಆತನ ಪ್ರತಿಭೆ.

ವಿರೋಧಕ್ಕೆ ತಡವಾಗಲಿಲ್ಲ. ೧೪೪೪ರ ಎರಡನೆಯ ತಿಂಗಳಿನಲ್ಲಿ ಪಂಡಿತಸಭೆಯ ಹಿರಿಯ ಅಧಿಕಾರಿ ಚ್ವೆ ಮಾನ್ರಿ ಎಂಬುವನು ಆರು ಮಂದಿ ಸಂಗಡಿಗರೊಡನೆ ರಾಜನಿಗೆ ಬಿನ್ನಹಪತ್ರವನ್ನು ಒಪ್ಪಿಸಿದನು. ಚೀನದ ನಾಗರಿಕತೆಯನ್ನು ಅನುಸರಿಸುತ್ತ ಬಂದ ನಾವು ಬೇರೆ ಲಿಪಿಯನ್ನು ಮಾಡಿದರೆ ಮಂಗೋಲರ, ಜಪಾನೀಯರ ಸಾಲಿಗೆ ಇಳಿದಂತಾಗುತ್ತದೆ. ೨೮ ಅಕ್ಷರಗಳಿಂದಲೇ ಅಧಿಕಾರಕ್ಕೆ ಬರಬಹುದಾದರೆ ಕಷ್ಟಪಟ್ಟು ಓದುವವರು ಯಾರು. ಖಟ್ಲೆಯ ಅನ್ಯಾಯಕ್ಕೆ ಕಾರಣ ಅಧಿಕಾರಿಯ ಗುಣವೇ ಹೊರತು ಲಿಪಿಯಲ್ಲ. ರಾಜನು ಕಣ್ಣಿನ ಚಿಕಿತ್ಸೆಗೆಂದು ಚೊಜೊಂಗ್ ಎಂಬ ಚಿಲುಮೆಗೆ ಹೋಗುವಾಗಲೂ ಇದೇ ಕೆಲಸವನ್ನು ಹೊತ್ತೊಯ್ಯಬೇಕಾದ ತುರ್ತು ಏನು, ಎಂಬುದು ಅದರ ಸಾರ. ಇವರನ್ನು ಮೂಢರೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಚೀನವನ್ನು ಎದುರುಹಾಕಿಕೊಳ್ಳುವ ಭಯ ಹುಸಿಯಾಗಿರಲಿಲ್ಲ. ಆದರೆ ಎರಡನೆಯ ವಾದದಲ್ಲಿ, ತಾವು ಹತ್ತಿದ ಏಣಿಯನ್ನು ಬೇರೆಯವರು ಹತ್ತಬಾರದೆಂಬ ಸಂಕಟ ಕಾಣುತ್ತದೆ. ರಾಜನು ಅವರನ್ನು ಕರೆಸಿ, ಧ್ವನಿಶಾಸ್ತ್ರವನ್ನು ನೀವು ಎಷ್ಟು ಬಲ್ಲಿರೆಂದು ನೇರವಾಗಿ ಕೇಳಿದನು. ನೀತಿಕಥೆಗಳನ್ನು ಜನಭಾಷೆಗೆ ತಿರುಗಿಸಿದ ಮಾತ್ರಕ್ಕೆ ಜನರು ಸುಧಾರಿಸುವುದಿಲ್ಲ, ಅದು ಹುಟ್ಟುಗುಣ ಎಂದು ಅವರಲ್ಲೊಬ್ಬನು ಹೇಳಿದಾಗ ಕೋಪಗೊಂಡು ಅವನನ್ನು ಕೆಲಸದಿಂದ ತೆಗೆದನು. ಎಲ್ಲರನ್ನೂ ಸೆರೆಗೆ ಹಾಕಿಸಿ ಮರುದಿನವೇ ಬಿಡಿಸಿದನು. ಚ್ವೆ ಮಾನ್ರಿಯು ರಾಜೀನಾಮೆ ಕೊಟ್ಟು ಊರಿಗೆ ಹೋದನು, ೧೪೪೫ರಲ್ಲಿ ತೀರಿಕೊಂಡನು.

ಈ ಮಹಾಶಯನ ಹೆಸರಿನ ವಿಷಯದಲ್ಲಿ ಒಂದು ಮಾತು. ಬರೆಯುವುದು ಮಾನ್ ಮತ್ತು ರಿ. ಆದರೆ ಕೊರಿಯಾದವರ ಬಾಯಲ್ಲಿ ಅದು ಮಲ್ಲಿ ಎಂದಾಗುತ್ತದೆ. ನಕಾರದ ಮುಂದೆ ರಕಾರ ಬಂದರೆ ಎರಡೂ ಸೇರಿ ಲಕಾರದ್ವಿತ್ವವಾಗುವುದು ಆ ಭಾಷೆಯ ಸಂಧಿನಿಯಮ. ಸ್ವಾತಂತ್ರ್ಯವೆಂಬ ಅರ್ಥದ ದೊಕ್‌ಲಿಪ್ ಎಂಬ ಶಬ್ದವು ಬಾಯಲ್ಲಿ ದೊಂಗ್ನಿಪ್ ಎಂದಾಗುತ್ತದೆ. ಅಕ್ಷರಗಳನ್ನು ಒಂದು ದಿನದಲ್ಲಿ ಕಲಿತು ಭಾಷೆಯೇ ಬಂದಿತೆಂದು ಹಿಗ್ಗುವವರು ಮುಗ್ಗರಿಸುವುದು ಇಲ್ಲಿಯೇ. ಪುಸ್ತಕದ ಜೊತೆಗೆ ಧ್ವನಿ ಬೇಕೆಂದು ಕೊರಿಯನ್ ಕಲಿಯುವವರು ಹಟ ಹಿಡಿಯುವುದಕ್ಕೆ ಸಕಾರಣವಿದೆ.

ಇದನ್ನು ರಾಜನೇ ಅರಿತಿದ್ದನು. ಚೀನೀ ಅಕ್ಷರಗಳ ಸರಿಯಾದ ಉಚ್ಚಾರಣೆಯನ್ನು ಹೊಸ ಲಿಪಿಯಲ್ಲಿ ಬರೆಯಬೇಕಾಗಿ ಬಂದಾಗ ಗ್ರಂಥಗಳನ್ನು ನೆಚ್ಚಿ ಕೂರಲಿಲ್ಲ. ಲಿಯಾವೊತುಂಗ್ ಎಂಬ ಗಡಿನಾಡಿನಲ್ಲಿ ಹ್ವಾಂಗ್ ತ್ಸಾನ್ ಎಂಬ ಚೀನೀ ಪಂಡಿತನು ಗಡೀಪಾರಾಗಿ ಬಂದು ನೆಲೆಸಿದ್ದನು. ಸೊಂಗ್ ಸಮ್ಮುನ್, ಶಿನ್ ಸುಕ್ಜು ಎಂಬ ಇಬ್ಬರು ತರುಣ ವಿದ್ವಾಂಸರನ್ನು ೧೪೪೫ರಲ್ಲಿ ಅವನ ಬಾಯಿಂದಲೇ ಕೇಳಿ ಬರಲು ಅಟ್ಟಿದನು. ಅವರು ಹದಿಮೂರು ಸಲ ಹೋಗಿಬಂದರೆಂದು ಪ್ರತೀತಿ. ಇಂದು ಕಿವಿಗೆ ಯಂತ್ರವನ್ನು ಹಚ್ಚಿಕೊಂಡು ಕುಳಿತಲ್ಲಿಯೇ ಕೇಳುವ ಧ್ವನಿಗಾಗಿ ಅಂದು ನೂರಾರು ಮೈಲಿ ಕುದುರೆಯ ಮೇಲೆ ಹೋಗಬೇಕಾಗಿತ್ತು.

೧೪೪೬ರಲ್ಲಿ ಲಿಪಿಯು ಹುನ್‌ಮಿನ್‌ಜೊಂಗುಮ್ ಎಂಬ ಹೆಸರಿನಿಂದ ಪ್ರಕಟವಾಯಿತು. ಜನರಿಗೆ ಕಲಿಸುವ ಸರಿಯಾದ ಧ್ವನಿಗಳು ಎಂದು ಇದರ ಅರ್ಥ. ರಾಜನ ಚಿಕ್ಕ ಮುನ್ನುಡಿ, ಜೊಂಗ್ ಇನ್ಜಿ ಮೊದಲಾದ ಎಂಟು ಮಂದಿ ವಿದ್ವಾಂಸರ ವಿವರಣೆ, ಉದಾಹರಣೆಗಳು, ಇಷ್ಟೂ ಸೇರಿ ಒಂದು ಸಣ್ಣ ಪುಸ್ತಕ. ಅದೇ ವರ್ಷದ ಕೊನೆಗೆ ಗುಮಾಸ್ತರ ಪರೀಕ್ಷೆಯಲ್ಲಿ ಈ ಲಿಪಿಯನ್ನೂ ಒಂದು ವಿಷಯವನ್ನಾಗಿ ಸೇರಿಸಿದನು.

ಆದರೆ ಬರಿಯ ಅಕ್ಷರಮಾಲೆಯಿಂದ ಲಿಪಿ ಬದುಕದು. ಓದಲು ಪುಸ್ತಕ ಬೇಕು. ಮೊದಲಿನದು ರಾಜವಂಶದ ಪೂರ್ವಿಕರ ಚರಿತ್ರೆಯ ೧೨೫ ಪದ್ಯಗಳ ಕಾವ್ಯ, ೧೪೪೭ರಲ್ಲಿ ಅಚ್ಚಾಯಿತು. ಇದರಲ್ಲಿ ಪ್ರತಿಯೊಂದು ಪದ್ಯವೂ ಮೊದಲು ಕೊರಿಯನ್ ಭಾಷೆಯಲ್ಲಿದೆ, ಬೆನ್ನಿಗೇ ಚೀನೀ ಪದ್ಯವಿದೆ, ಆಮೇಲೆ ಚೀನೀ ಟಿಪ್ಪಣಿ. ಚೀನೀ ಬಲ್ಲ ಪಂಡಿತನು ಅದರ ಆಧಾರದಿಂದ ಕೊರಿಯನ್ ಲಿಪಿಯನ್ನು ಓದಿಕೊಳ್ಳಬಹುದು. ಎರಡು ಭಾಷೆಗಳನ್ನು ಮುಖಾಮುಖಿ ನಿಲ್ಲಿಸುವ ಉಪಾಯ ಇಲ್ಲಿಂದ ಮೊದಲಾಯಿತು.

ಈ ಪುಸ್ತಕಗಳು ಅಚ್ಚಿಗೆ ಸಿದ್ಧವಾಗುತ್ತಿದ್ದ ದಿನಗಳು ರಾಜನ ಬಾಳಿನ ಕರಾಳ ದಿನಗಳು. ಒಂದೂವರೆ ವರ್ಷದೊಳಗೆ ಇಬ್ಬರು ಗಂಡುಮಕ್ಕಳು ತೀರಿಹೋದರು. ೧೪೪೬ರಲ್ಲಿ ರಾಣಿ ಸೊಹೊನಳೂ ತೀರಿಕೊಂಡಳು. ಅವಳ ಆತ್ಮಶಾಂತಿಗಾಗಿ ಬುದ್ಧನ ಚರಿತ್ರೆಯನ್ನು ಕೊರಿಯನ್ ಗದ್ಯದಲ್ಲಿ ಬರೆಯುವಂತೆ ಎರಡನೆಯ ಮಗ ಸುಯಾಂಗನಿಗೆ ಆಜ್ಞಾಪಿಸಿದನು. ಮಗನ ಗದ್ಯವನ್ನು ನೋಡಿ ತಂದೆಯು ತಾನೇ ಬುದ್ಧನ ಮೇಲೆ ನೂರಾರು ಹಾಡುಗಳನ್ನು ಕಟ್ಟಿದನು. ಒಬ್ಬನೇ ಚಂದ್ರನು ಸಾವಿರ ನದಿಗಳಲ್ಲಿ ಪ್ರತಿಬಿಂಬಿಸುವುದೇ ಆ ಹಾಡುಗಳ ಶೀರ್ಷಿಕೆ. ಮಗನ ಪುಸ್ತಕದಲ್ಲಿ ಚೀನೀ ಅಕ್ಷರ ದೊಡ್ಡದು, ಅದರ ಕೆಳಗೆ ಉಚ್ಚಾರಣೆಯನ್ನು ತಿಳಿಸುವ ಕೊರಿಯನ್ ಅಕ್ಷರ ಚಿಕ್ಕದು. ತಂದೆಯ ಹಾಡುಗಳಲ್ಲಿ ಅದು ತಿರುಗುಮುರುಗು: ಕೊರಿಯನ್ ಅಕ್ಷರವೇ ಮೊದಲು, ದಪ್ಪವಾಗಿ, ಚೀನೀ ಅಕ್ಷರ ಅದರ ಕೆಳಗೆ ಸಣ್ಣದಾಗಿ. ಅಚ್ಚಿನ ಮೊಳೆಯ ಗಾತ್ರದಲ್ಲಿ ರಾಜನು ತನ್ನ ಅಭಿಪ್ರಾಯವನ್ನು ಹೇಳಿಬಿಟ್ಟನು.

ಈ ಪುಸ್ತಕಗಳಲ್ಲಿ ಅಕ್ಷರದ ಎಡಕ್ಕೆ ಸಣ್ಣ ಚುಕ್ಕೆಗಳಿವೆ. ಒಂದು ಚುಕ್ಕೆ ಇದ್ದರೆ ಧ್ವನಿ ಮೇಲಕ್ಕೆ, ಎರಡಿದ್ದರೆ ತಗ್ಗಿನಿಂದ ಏರಬೇಕು, ಚುಕ್ಕೆಯಿಲ್ಲದಿದ್ದರೆ ತಗ್ಗು. ನಮ್ಮ ವೇದಪಾಠದ ಪುಸ್ತಕಗಳಲ್ಲಿ ಅನುದಾತ್ತ ಸ್ವರಿತಗಳಿಗೆ ಗೆರೆ ಹಾಕುವಂತೆ. ಧ್ವನಿಮುದ್ರಣ ಇಲ್ಲದ ಕಾಲದಲ್ಲಿ ಓದುವವನ ಕಂಠದ ಏರಿಳಿತವನ್ನು ಕೂಡ ಕಾಗದದ ಮೇಲೆ ಹಿಡಿದಿಡುವ ಈ ಪ್ರಯತ್ನವನ್ನು ಅಂದಿನ ಧ್ವನಿಪುಸ್ತಕವೆಂದರೆ ಅತಿಶಯೋಕ್ತಿಯಾಗದು. ಈ ಚುಕ್ಕೆಗಳು ೧೬ನೆಯ ಶತಮಾನದ ಕೊನೆಯ ಹೊತ್ತಿಗೆ ಮಾಯವಾದುವು.

೧೪೪೮ರಲ್ಲಿ ಅರಮನೆಯ ಬಳಿ ಬುದ್ಧನ ಗುಡಿಯನ್ನು ಕಟ್ಟಿಸಹೊರಟಾಗ ಕನ್‌ಫ್ಯೂಷಿಯಸ್ ಮತದ ಅಧಿಕಾರಿಗಳೂ ವಿದ್ಯಾರ್ಥಿಗಳೂ ಪ್ರತಿಭಟಿಸಿದರು. ವಿದ್ಯಾಪೀಠವನ್ನು ಬಿಟ್ಟುಹೋದ ವಿದ್ಯಾರ್ಥಿಗಳನ್ನು ಸಮಾಧಾನಪಡಿಸಿ ಕರೆತರಬೇಕಾಯಿತು. ೧೪೪೯ರಲ್ಲಿ ಇನ್ನೊಂದು ಸೋಜಿಗ ನಡೆಯಿತು. ಯಾರೋ ಅನಾಮಧೇಯನು ಮುಖ್ಯಮಂತ್ರಿಯ ಆಡಳಿತವನ್ನು ಹೀಗಳೆದು ಹೊಸ ಲಿಪಿಯಲ್ಲಿ ಗೋಡೆಯ ಮೇಲೆ ಬರೆದಿದ್ದನು. ಲಿಪಿ ಪ್ರಕಟವಾಗಿ ಆಗಿದ್ದುದು ಮೂರೇ ವರ್ಷ! ರಾಜನಿಗೆ ಇದು ಹೇಗೆ ತೋರಿತೋ ಕಾಣೆ. ನನಗಂತೂ ಆ ಲಿಪಿಯು ಜನರ ಕೈಗೆ ಸೇರಿತೆನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

೧೪೫೦ರ ಎರಡನೆಯ ತಿಂಗಳಿನಲ್ಲಿ, ಕಿರಿಯ ಮಗನೊಬ್ಬನ ಮನೆಯಲ್ಲಿ, ಸೆಜೊಂಗನು ದೇಹಬಿಟ್ಟನು. ವಯಸ್ಸು ೫೨. ೩೨ ವರ್ಷ ಆಳಿದ್ದನು. ಯೊಜು ಎ೦ಬಲ್ಲಿ ಒಂದೇ ದಿಬ್ಬದ ಕೆಳಗೆ ರಾಜ ರಾಣಿಯರ ಸಮಾಧಿ ಇದೆ.

ಆಮೇಲಿನ ಕಥೆ ದುಃಖಕರವಾದುದು. ಬುದ್ಧಚರಿತ್ರೆಯನ್ನು ಬರೆದ ಅದೇ ಸುಯಾಂಗನು ೧೪೫೫ರಲ್ಲಿ ತನ್ನ ಅಣ್ಣನ ಎಳೆಯ ಮಗನಿಂದ ಸಿಂಹಾಸನವನ್ನು ಕಿತ್ತುಕೊಂಡನು. ಲಿಯಾವೊತುಂಗಿಗೆ ಜೊತೆಯಾಗಿ ಹೋಗಿದ್ದ ಇಬ್ಬರು ಗೆಳೆಯರಲ್ಲಿ ಸೊಂಗ್ ಸಮ್ಮುನನು ಬಾಲರಾಜನ ಪಕ್ಷ ವಹಿಸಿ ೧೪೫೬ರಲ್ಲಿ ಘೋರವಾಗಿ ಪ್ರಾಣತೆತ್ತನು. ಶಿನ್ ಸುಕ್ಜು ಹೊಸ ರಾಜನ ಮಂತ್ರಿಯಾದನು. ಪಂಡಿತಸಭೆ ಮುಚ್ಚಿತು. ಆದರೂ ಲಿಪಿಯ ವಿಷಯದಲ್ಲಿ ಆ ಕ್ರೂರ ಮಗನು ತಂದೆಗೆ ದ್ರೋಹ ಮಾಡಲಿಲ್ಲ. ೧೪೫೯ರಲ್ಲಿ ತನ್ನ ಗದ್ಯವನ್ನೂ ತಂದೆಯ ಹಾಡುಗಳನ್ನೂ ಒಂದುಗೂಡಿಸಿ ಅಚ್ಚು ಹಾಕಿಸಿದನು. ಅದರ ಮೊದಲಲ್ಲಿ ಸೆಜೊಂಗನ ಮುನ್ನುಡಿಯ ಚೀನೀ ವಾಕ್ಯಗಳನ್ನು ತುಂಡುತುಂಡಾಗಿ ಕೊಟ್ಟು, ಪ್ರತಿ ತುಂಡಿಗೂ ಪದಾರ್ಥವನ್ನೂ ಕೊರಿಯನ್ ಅನುವಾದವನ್ನೂ ಸೇರಿಸಿದೆ. ನಮ್ಮ ಹಿಂದಿನ ಪಂಡಿತರ ಪ್ರತಿಪದಾರ್ಥ, ತಾತ್ಪರ್ಯಗಳ ಪದ್ಧತಿಯೇ ಇದು. ೧೬ನೆಯ ಶತಮಾನದ ಆರಂಭದಲ್ಲಿ ಚ್ವೆ ಸೆಜಿನ್ ಎಂಬ ದುಭಾಷಿಯು ಚೀನೀ ಸಂಭಾಷಣೆಯ ಪಠ್ಯಗಳಿಗೆ, ಪ್ರತಿ ಅಕ್ಷರದ ಕೆಳಗೆ ಎಡಕ್ಕೊಂದು ಬಲಕ್ಕೊಂದು ಉಚ್ಚಾರಣೆಯನ್ನು ಕೊರಿಯನ್ ಲಿಪಿಯಲ್ಲಿ ಬರೆದು, ಅನುವಾದವನ್ನೂ ಕೊಟ್ಟು ಈ ಪದ್ಧತಿಯನ್ನು ಪೂರ್ಣಗೊಳಿಸಿದನು.

೧೫೦೪ರಲ್ಲಿ ಯೊನ್ಸಾನ್ ಎಂಬ ದುಷ್ಟ ಅರಸನು ತನ್ನನ್ನು ನಿಂದಿಸುವ ಪತ್ರಗಳು ಈ ಲಿಪಿಯಲ್ಲಿ ಕಾಣಿಸಿಕೊಂಡುವೆಂದು ಅದನ್ನು ನಿಷೇಧಿಸಿದನು. ಪಂಡಿತರು ಅದನ್ನು ಹೆಂಗಸರ ಲಿಪಿಯೆಂದು ಜರೆದರು. ಹೆಂಗಸರೇ ಅದನ್ನು ಕಾಪಾಡಿದರು. ಪತ್ರ ಬರೆದರು, ಕಥೆ ಓದಿದರು. ೧೮೯೪ರಲ್ಲಿ ಸರ್ಕಾರಿ ಕಾಗದಪತ್ರಗಳಿಗೆ ಅದಕ್ಕೆ ಮಾನ್ಯತೆ ದೊರೆಯಿತು. ೧೮೯೬ರಲ್ಲಿ ಹೊರಟ ದೊಂಗ್ನಿಪ್ ಎಂಬ ಪತ್ರಿಕೆಯಲ್ಲಿ ಮೂರು ಪುಟ ಕೊರಿಯನ್, ಒಂದು ಪುಟ ಇಂಗ್ಲಿಷ್. ೧೯೩೩ರಲ್ಲಿ ವಿದ್ವಾಂಸರು ಕಾಗುಣಿತದ ನಿಯಮವನ್ನು ನಿಶ್ಚಯಿಸಿದಾಗ, ಶಬ್ದದ ಮೂಲರೂಪವನ್ನು ಉಳಿಸಿ ಬರೆಯುವ ಕ್ರಮವನ್ನು ಒಪ್ಪಿದರು. ಸೆಜೊಂಗನ ಹಾಡುಗಳಲ್ಲಿ ಕಾಣುವುದೂ ಆ ಕ್ರಮದ ಒಲವೇ. ಲಿಪಿಯ ವಿವರಣೆಯ ಮೂಲಗ್ರಂಥವು ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಅಕ್ಷರಗಳ ಆಕಾರ ಕಿಟಕಿಯ ಜಾಲರಿಯಿಂದ ಬಂದಿತೆಂದೂ ಭಾರತದ ಲಿಪಿಯಿಂದ ಬಂದಿತೆಂದೂ ಜನ ಊಹಿಸುತ್ತಿದ್ದರು. ಜಪಾನರ ಆಳ್ವಿಕೆಯಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಹಾಕಿದ್ದ ಕಾಲದಲ್ಲಿ, ೧೯೪೦ರಲ್ಲಿ, ಆಂದೊಂಗ್ ಪ್ರಾಂತದಲ್ಲಿ ಅದರ ಪ್ರತಿಯೊಂದು ಸಿಕ್ಕಿತು. ಜೊನ್ ಹ್ಯೊಂಗ್ಪಿಲ್ ಎಂಬ ಧನಿಕನು ಅದನ್ನು ಕೊಂಡು, ೧೯೪೫ರಲ್ಲಿ ದೇಶ ಬಿಡುಗಡೆಯಾಗುವವರೆಗೂ ಬಚ್ಚಿಟ್ಟು ಕಾಪಾಡಿದನು. ಈಗ ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ ೯ ಅಕ್ಷರದ ಹಬ್ಬ. ಸೆಜೊಂಗನ ಹುಟ್ಟುಹಬ್ಬವೆಂದು ಎಣಿಸಿದ ಮೇ ೧೫ ಅಲ್ಲಿ ೧೯೬೫ರಿಂದ ಗುರುಗಳ ದಿನ.

ಇನ್ನು ಇಂದು ಕಲಿಯುವವರ ಮಾತು. ಸೋಲ್‌ನ ಏಷಿಯಾ ಪ್ರಕಾಶನವು ೨೦೧೨ರಿಂದ ಆಧುನಿಕ ಕೊರಿಯನ್ ಕಥೆಗಳನ್ನು ಇಂಗ್ಲಿಷ್ ಅನುವಾದದೊಡನೆ ಎರಡು ಭಾಷೆಗಳಲ್ಲಿ ಒಂದೇ ಪುಸ್ತಕವಾಗಿ ಹೊರತಂದಿದೆ. ಹೊಸಬರು ಅವಕ್ಕಿಂತ ಮೊದಲು ೧೯೨೦, ೧೯೩೦ರ ದಶಕಗಳ ಸಣ್ಣಕಥೆಗಳನ್ನು ಹಿಡಿಯುವುದು ಲೇಸೆಂದು ತೋರುತ್ತದೆ. ರಿಕ್ಷಾ ಎಳೆಯುವವನೊಬ್ಬನ ಒಂದು ದಿನವನ್ನು ಚಿತ್ರಿಸುವ ಹ್ಯೊನ್ ಜಿಂಗೊನನ ೧೯೨೪ರ ಕಥೆ, ಹಳ್ಳಿಯ ಹುಡುಗ ಹುಡುಗಿಯರ ಜಗಳದ ಕಿಮ್ ಯುಜೊಂಗನ ೧೯೩೬ರ ಕಥೆ, ಇವುಗಳಿಗೆ ಹಕ್ಕಿನ ಅವಧಿ ಮುಗಿದಿರುವುದರಿಂದ ಮೂಲವೂ ಸಿಗುತ್ತದೆ, ಓದಿ ಹೇಳಿದ ಧ್ವನಿಯೂ ಸಿಗುತ್ತದೆ, ಇಂಗ್ಲಿಷ್ ಅನುವಾದವೂ ಇದೆ. ಭಾಷೆ ಅಷ್ಟು ಬಾರದವರಿಗೆ ಸೆಜೊಂಗನ ಹೆಸರಿನಲ್ಲಿ ಕೊರಿಯಾ ಸರ್ಕಾರವು ೨೦೦೭ರಿಂದ ಹೊರದೇಶಗಳಲ್ಲಿ ತೆರೆಯುತ್ತ ಬಂದ ಭಾಷಾಶಾಲೆಗಳ ಪಠ್ಯಗಳಿವೆ. ಭಾರತದಲ್ಲಿಯೂ ಆ ಶಾಲೆಗಳಿವೆ. ಇಂಗ್ಲಿಷಿನ ಮೂಲಕ ಹೋಗುವಾಗ ಕನ್ನಡಿಗನಿಗೆ ಒಂದು ತೊಡಕುಂಟು. ವಾಕ್ಯವನ್ನು ಒಮ್ಮೆ ತಲೆಕೆಳಗು ಮಾಡಿ ಮತ್ತೊಮ್ಮೆ ನೆಟ್ಟಗೆ ನಿಲ್ಲಿಸಬೇಕಾಗುತ್ತದೆ. ಕನ್ನಡವನ್ನೂ ಕೊರಿಯನ್ನನ್ನೂ ನೇರವಾಗಿ ಎದುರುಬದುರು ಇಟ್ಟು ನೋಡಬೇಕೆನ್ನುವವರಿಗೆ ಎರಡು ಭಾಷೆಗಳಲ್ಲಿಯೂ ಮುದ್ರಣದಲ್ಲಿಯೂ ಧ್ವನಿಯಲ್ಲಿಯೂ ಸಿಗುವ ಒಂದು ಪುಸ್ತಕವಿದೆ: ಬೈಬಲ್. ಅಧ್ಯಾಯಕ್ಕೂ ವಾಕ್ಯಕ್ಕೂ ಸಂಖ್ಯೆ ಹಾಕಿರುವುದರಿಂದ ಎರಡನ್ನೂ ಸರಿಸಮನಾಗಿ ಹಿಡಿಯಲು ತೊಂದರೆಯಿಲ್ಲ. ಅದರ ಕೊರಿಯನ್ ಗೌರವವಾಚಕಗಳು ಹಳೆಯ ಕಾಲದವು. ಅಂಗಡಿಯಲ್ಲಿ ಹಾಗೆ ಮಾತನಾಡಿದರೆ ನಕ್ಕಾರು. ಆದರೆ ಕ್ರಿಯಾಪದವು ಕೊನೆಯಲ್ಲಿ ಬಂದು ನಿಲ್ಲುವಾಗ ಕನ್ನಡದ ವಾಕ್ಯವೂ ಕೊರಿಯನ್ ವಾಕ್ಯವೂ ಒಂದೇ ಉಸಿರಿಗೆ ಮುಗಿಯುತ್ತವೆ.